ಸೂರ್‌ನಲ್ಲಿ ಹಿಟ್ಟು ಉಬ್ಬುವ ಕಾಲ

ಒಮನ್‌ನ ಕಡಲೂರು ಸೂರ್‌ಗೆ ಹೊಸದಾಗಿ ಬಂದ ಕನ್ನಡದ ಮನೆಗಳು ಬನ್ನು, ಬ್ರೆಡ್ಡು ಬೇಯಿಸಲು ಕಲಿಯುವುದು ಇಲ್ಲಿನ ಚಳಿಗಾಲದಲ್ಲಿ. ಆ ಕಲಿಕೆಯ ಜೊತೆಗೇ ನೆರೆಹೊರೆಯೂ ಸಿಗುತ್ತದೆ.

ನವೆಂಬರ್ ಅರ್ಧ ಕಳೆಯುತ್ತಿದ್ದಂತೆ ಸೂರ್‌ನ ಮನೆಗಳಲ್ಲಿ ಎಸಿಗಳ ಸದ್ದು ಒಂದೊಂದಾಗಿ ನಿಲ್ಲುತ್ತದೆ. ಬೇಸಿಗೆಯುದ್ದಕ್ಕೂ ಮುಚ್ಚಿಕೊಂಡೇ ಇದ್ದ ಕಿಟಕಿಗಳ ಚಿಲಕ ತೆಗೆಯುತ್ತಾರೆ. ಕಡಲ ಗಾಳಿ ನಡುಮನೆ ದಾಟಿ ಅಡುಗೆಮನೆಯವರೆಗೂ ಬರುತ್ತದೆ. ಸಂಜೆ ಮಕ್ಕಳು ಬೀದಿಗಿಳಿಯುತ್ತಾರೆ, ಹೆಂಗಸರು ಬಾಗಿಲಾಚೆ ಚಾಪೆ ಹಾಸಿ ಕೂರುತ್ತಾರೆ. ಜನವರಿಯಲ್ಲಿ ಹಗಲಿನ ತಾಪಮಾನ 25 ಡಿಗ್ರಿಯ ಆಸುಪಾಸು, ರಾತ್ರಿ 18ರ ಆಸುಪಾಸು. ಹಾಸನ, ಚಿಕ್ಕಮಗಳೂರಿನವರು ಇದನ್ನು ಚಳಿಯೆಂದು ಒಪ್ಪಲಿಕ್ಕಿಲ್ಲ. ಆದರೆ ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಈ ತಂಪಿನ ಬೆಲೆ ಗೊತ್ತು.

ಬೇಸಿಗೆಯಲ್ಲಿ ಇಲ್ಲಿನ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ತಾರಸಿಯ ಟ್ಯಾಂಕು ಅಷ್ಟು ಕಾದಿರುತ್ತದೆ. ಗೀಸರ್ ಆರಿಸಿ, ಮನೆಯೊಳಗಿರುವ ಅದರ ಟ್ಯಾಂಕಿನಲ್ಲೇ ನೀರು ತುಂಬಿಟ್ಟು ಅದನ್ನೇ ತಣ್ಣೀರಾಗಿ ಬಳಸುವುದು ಕೊಲ್ಲಿ ನಾಡುಗಳ ಮನೆಗಳಿಗೆಲ್ಲ ಗೊತ್ತಿರುವ ಉಪಾಯ. ಮಸ್ಕತ್‌ನಿಂದ ಸೂರ್‌ಗೆ ಬರುವ ಕರಾವಳಿಯಲ್ಲಿ ಕುರಿಯಾತ್ ಎಂಬ ಊರಿದೆ. 2018ರ ಜೂನ್ 26ರಂದು ಇಡೀ ದಿನ, ರಾತ್ರಿಯನ್ನೂ ಸೇರಿಸಿ, ಅಲ್ಲಿನ ತಾಪಮಾನ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಇಂಥ ಬೇಸಿಗೆಯ ದಿನಗಳಲ್ಲಿ ಓವನ್ ಹಚ್ಚುವ ಮಾತನ್ನು ಯಾರೂ ಆಡುವುದಿಲ್ಲ. ಹಿಟ್ಟಿನ ಚೀಲ ಹುಳು ಹಿಡಿಯದಿರಲೆಂದು ಫ್ರಿಜ್ಜಿನಲ್ಲಿರುತ್ತದೆ. ಓವನ್ನಿನೊಳಗೆ ಬಾಣಲೆ, ತಟ್ಟೆಗಳನ್ನು ಜೋಡಿಸಿಟ್ಟಿರುತ್ತಾರೆ. ನವೆಂಬರ್‌ನಲ್ಲಿ ಆ ಬಾಣಲೆಗಳು ಹೊರಗೆ ಬರುತ್ತವೆ.

ಚಳಿಗಾಲವೂ ಬೇಕಿಂಗೂ ಎಂದರೆ ಓದುಗರ ಕಣ್ಣಿಗೆ ಸ್ವೀಡನ್, ನಾರ್ವೆಗಳು ಬರುತ್ತವೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್‌ನ ಹಗಲು ಸುಮಾರು 6 ಗಂಟೆ. ಹೊರಗೆ ಹಿಮ, ಕತ್ತಲು. ಒಳಗೆ ಓವನ್ನಿನ ಬಿಸಿ. ಹಿಟ್ಟು ಉಬ್ಬಲೆಂದು ಅಲ್ಲಿನವರು ಮನೆಯಲ್ಲೇ ಬೆಚ್ಚಗಿನ ಮೂಲೆ ಹುಡುಕುತ್ತಾರೆ. ಸೂರ್‌ನಲ್ಲಿ ಡಿಸೆಂಬರ್‌ನ ಹಗಲು 10 ಗಂಟೆಗೂ ಹೆಚ್ಚು, ಬಿಸಿಲು ಧಾರಾಳ. ಇಲ್ಲಿ ವರ್ಷದ ಉಳಿದ ತಿಂಗಳುಗಳಲ್ಲಿ ಹಿಟ್ಟಿಗಾಗಿ ತಂಪು ಹುಡುಕಬೇಕು. ಚಳಿಗಾಲದಲ್ಲಿ ಮಾತ್ರ ಅಡುಗೆಮನೆಯ ಕಟ್ಟೆಯೇ ಅದಕ್ಕೆ ಸರಿಯಾದ ಜಾಗ. ಸ್ವೀಡನ್ನಿನಲ್ಲಿ ಚಳಿ ಜನರನ್ನು ಒಳಗೆ ಕೂರಿಸುತ್ತದೆ, ಇಲ್ಲಿ ಅದೇ ಋತು ಬಾಗಿಲು ತೆರೆಸುತ್ತದೆ. ಹೊಸದಾಗಿ ಬಂದವರಿಗೆ ಈ ತೆರೆದ ಬಾಗಿಲು ದೊಡ್ಡ ಆಸರೆ.

ಬನ್ನು ಅಂಗಡಿಯಿಂದ ಮನೆಗೆ ಬಂತು

ಮಸ್ಕತ್‌ನಿಂದ ಕರಾವಳಿಯ ಹೆದ್ದಾರಿಯಲ್ಲಿ ಸೂರ್‌ಗೆ ಸುಮಾರು 200 ಕಿಲೋಮೀಟರ್. ಭಾರತದಿಂದ ಇಲ್ಲಿಗೆ ಬರುವವರಲ್ಲಿ ಬಹಳ ಮಂದಿಗೆ ಎರಡು ದೊಡ್ಡ ಕಾರ್ಖಾನೆಗಳ ನಂಟಿದೆ. ಕಲ್ಹಾತ್ ಬಳಿಯ ಒಮನ್ ಎಲ್‌ಎನ್‌ಜಿ 2000ದಲ್ಲಿ ಅನಿಲ ರಫ್ತು ಶುರುಮಾಡಿತು. ಅದೇ ಕರಾವಳಿಯಲ್ಲಿ ಒಮನ್ ಇಂಡಿಯಾ ಫರ್ಟಿಲೈಸರ್ ಕಂಪನಿಯ ಕಾರ್ಖಾನೆ 2005ರಲ್ಲಿ ಉತ್ಪಾದನೆಗೆ ಇಳಿಯಿತು. ಅದನ್ನು ಕಟ್ಟುವಾಗ ಅರ್ಧ ಪಾಲು ಒಮನ್‌ನದು, ಉಳಿದರ್ಧ ನಮ್ಮ ರೈತರಿಗೆ ಪರಿಚಯವಿರುವ ಇಫ್ಕೋ, ಕ್ರಿಭ್ಕೋ ಸಹಕಾರ ಸಂಸ್ಥೆಗಳದು. ಇಲ್ಲಿ ತಯಾರಾದ ಯೂರಿಯಾ ವರ್ಷಗಟ್ಟಲೆ ಭಾರತದ ಹೊಲಗಳಿಗೆ ಹೋಗಿದೆ. ಎಂಜಿನಿಯರುಗಳು, ಆಪರೇಟರುಗಳು, ಇಂಡಿಯನ್ ಸ್ಕೂಲಿನ ಶಿಕ್ಷಕರು, ಆಸ್ಪತ್ರೆಯ ನರ್ಸ್‌ಗಳು ಹೀಗೆ ಬಂದವರ ನಡುವೆ ಮಂಗಳೂರು, ಉಡುಪಿ, ಬೆಂಗಳೂರು, ಹುಬ್ಬಳ್ಳಿ ಕಡೆಯ ಮನೆಗಳೂ ಸೇರಿವೆ. ಮಸ್ಕತ್‌ಗೆ ಹೋಲಿಸಿದರೆ ಕನ್ನಡದ ಮನೆಗಳು ಇಲ್ಲಿ ಕಡಿಮೆ. ರಾಜ್ಯೋತ್ಸವ, ಸಂಘದ ಕಾರ್ಯಕ್ರಮ ಎಂದರೆ ರಾಜಧಾನಿಗೇ ಹೋಗಬೇಕು. ದಿನದಿನದ ಬದುಕು ನಡೆಯುವುದು ಮನೆ, ಶಾಲೆ, ಮೀನು ಮಾರುಕಟ್ಟೆ, ಕಡಲ ದಂಡೆಗಳ ನಡುವೆ.

ಹೀಗೆ ಬಂದವರಿಗೆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕುಕಿಂಗ್ ರೇಂಜ್. ಮೇಲೆ ನಾಲ್ಕೈದು ಒಲೆ, ಕೆಳಗೆ ಓವನ್. ಊರಿನಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಎರಡು ಬರ್ನರಿನ ಸ್ಟವ್. ಕೇಕ್ ಮಾಡುವ ಆಸೆಯಾದರೆ ಕುಕ್ಕರಿನ ತಳಕ್ಕೆ ಮರಳು ಇಲ್ಲವೇ ಉಪ್ಪು ಹರವಿ, ಗ್ಯಾಸ್ಕೆಟ್ ತೆಗೆದು ಬೇಯಿಸುತ್ತಿದ್ದರು. ಬನ್ನು, ಬ್ರೆಡ್ಡು, ಪಫ್ಸ್ ಎಲ್ಲ ಬೇಕರಿಯವು. ಅದಕ್ಕೆ ಕಾರಣವೂ ಇದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು ಬ್ಯಾಂಗಲೋರ್ ಬ್ರದರ್ಸ್ ಬೇಕರಿ ಶುರುಮಾಡಿದಂದಿನಿಂದ ಅಯ್ಯಂಗಾರ್ ಬೇಕರಿಗಳು ಊರೂರಿಗೆ, ಬೀದಿಬೀದಿಗೆ ಹರಡಿದವು. ಮೊಟ್ಟೆ ಹಾಕದ ಖಾರಾ ಬನ್ನು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು ಕೈಗೆಟುಕುವ ಬೆಲೆಗೆ ಮೂಲೆಯಂಗಡಿಯಲ್ಲೇ ಸಿಗುವಾಗ ಮನೆಯಲ್ಲಿ ಯಾರು ಹಿಟ್ಟು ನಾದಿ ಉಬ್ಬಲು ಕಾಯುತ್ತಾರೆ?

ಸೂರ್‌ನಲ್ಲಿ ಆ ಮೂಲೆಯಂಗಡಿ ಇಲ್ಲ. ಇಲ್ಲಿನ ಬೇಕರಿಗಳಲ್ಲಿ ತೆಳ್ಳಗಿನ ದುಂಡು ಖುಬ್ಜ್ ಸಿಗುತ್ತದೆ, ಉದ್ದನೆಯ ಸಮೂನ್ ಸಿಗುತ್ತದೆ. ಮಲಯಾಳಿಗಳ ಚಿಕ್ಕ ಹೋಟೆಲುಗಳಲ್ಲಿ ಪರೋಟ, ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಕರಕ್ ಚಹಾ ಸಿಗುತ್ತದೆ. ಎಲ್ಲವೂ ರುಚಿಯೇ. ಆದರೆ ಸಂಜೆ ನಾಲ್ಕರ ಹೊತ್ತಿಗೆ ಹಸಿಮೆಣಸು, ಈರುಳ್ಳಿ, ಸಬ್ಬಸಿಗೆ ಬೆರೆತ ಬನ್ನಿನ ಪರಿಮಳ ನೆನಪಾದರೆ ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಊರಿನಲ್ಲಿ ತಲೆಮಾರುಗಳಿಂದ ಬೇಕರಿಯವರ ಕೈಯಲ್ಲಿದ್ದ ಒಂದು ಕೆಲಸ ಹೀಗೆ ಇಲ್ಲಿ ಮನೆಯವರ ಕೈಗೆ ಬರುತ್ತದೆ. ಹೊರನಾಡಿಗೆ ಹೋದವರು ಅಜ್ಜಿಯ ಅಡುಗೆಯನ್ನು ಉಳಿಸಿಕೊಳ್ಳುವ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇವೆ. ಅಜ್ಜಿ ಎಂದೂ ಮಾಡಿರದ ಬನ್ನನ್ನು ಮನೆಯದಾಗಿಸಿಕೊಳ್ಳುವುದು ಇಲ್ಲಿನ ವಿಶೇಷ.

25 ಡಿಗ್ರಿಯ ವರ

ಬನ್ನಿನ ಹಿಟ್ಟನ್ನು ಉಬ್ಬಿಸುವ ಈಸ್ಟ್ ಒಂದು ಜೀವಿ. ಸಕ್ಕರೆಯ ಅಂಶವನ್ನು ತಿಂದು ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಾದಿದ ಹಿಟ್ಟಿನ ಜಿಗುಟು ಆ ಅನಿಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ಈ ಕೆಲಸ ಹದವಾಗಿ ನಡೆಯಲು 24ರಿಂದ 27 ಡಿಗ್ರಿ ಸಾಕು. ಸುತ್ತಲಿನ ಬಿಸಿ 40ಕ್ಕೆ ಹತ್ತಿರವಾದರೆ ಹಿಟ್ಟು ಬೇಗ ಉಬ್ಬಿ, ಬೇಗ ಕುಸಿದು, ಹುಳಿ ವಾಸನೆ ಬರುತ್ತದೆ. ರುಚಿ ಬೆಳೆಯುವಷ್ಟು ಸಮಯವೇ ಸಿಗುವುದಿಲ್ಲ. ಎಸಿ ಗಾಳಿಯಡಿ ಇಟ್ಟರೆ ಮೇಲ್ಮೈ ಒಣಗಿ ಸಿಪ್ಪೆಗಟ್ಟುತ್ತದೆ. ಬೇಸಿಗೆಯಲ್ಲಿ ಬನ್ನು ಮಾಡಲೇಬೇಕೆಂದರೆ ಐಸ್ ನೀರಿನಲ್ಲಿ ಕಲಸಿ, ಫ್ರಿಜ್ಜಿನಲ್ಲಿಟ್ಟು ರಾತ್ರಿಯೆಲ್ಲ ನಿಧಾನಕ್ಕೆ ಉಬ್ಬಿಸಬೇಕು.

ಡಿಸೆಂಬರ್ ಬಂದರೆ ಈ ಹೋರಾಟವೇ ಇಲ್ಲ. ಅಡುಗೆಮನೆಯ ಗಾಳಿಯೇ 24-25 ಡಿಗ್ರಿ. ನಲ್ಲಿ ನೀರು ಕೈಗೆ ಹಿತವಾಗಿರುತ್ತದೆ. ಖಾರಾ ಬನ್ನಿಗೆ ಬೇಕಾದದ್ದು ಅರ್ಧ ಕಿಲೋ ಮೈದಾ, ಏಳು ಗ್ರಾಂ ಒಣ ಈಸ್ಟ್, ಎರಡು ಟೀ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಉಪ್ಪು, 50 ಗ್ರಾಂ ಬೆಣ್ಣೆ, ಹಾಲು-ನೀರು ಸೇರಿಸಿ 300 ಮಿಲಿಲೀಟರ್. ಹಿಟ್ಟನ್ನು ಹತ್ತು ನಿಮಿಷ ಬಿಡದೆ ನಾದಿದರೆ ಎಳೆದಾಗ ಹರಿಯದೆ ಪರದೆಯಾಗಿ ಹಿಗ್ಗುವ ಹದ ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿಟ್ಟರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಎರಡರಷ್ಟಾಗುತ್ತದೆ. ಆಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು, ಸಬ್ಬಸಿಗೆ ಬೆರೆಸಿ, ಉಂಡೆ ಕಟ್ಟಿ, ಮತ್ತೆ ಮುಕ್ಕಾಲು ಗಂಟೆ ಬಿಟ್ಟು, 190 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಿದರೆ ಖಾರಾ ಬನ್ನು ಸಿದ್ಧ. ಈರುಳ್ಳಿಯನ್ನು ಮೊದಲೇ ಹಾಕಿ ನಾದಿದರೆ ಅದು ನೀರು ಬಿಡುತ್ತದೆ, ಹಿಟ್ಟು ಸಡಿಲವಾಗುತ್ತದೆ. ಆದ್ದರಿಂದ ಮೊದಲ ಉಬ್ಬರ ಮುಗಿದ ಮೇಲೆಯೇ ಅದನ್ನು ಸೇರಿಸಬೇಕು.

ಸಾಮಾನು ಹುಡುಕಲು ಕಷ್ಟವಿಲ್ಲ. ಒಮನ್ ಫ್ಲೋರ್ ಮಿಲ್ಸ್‌ನ ದಹಬಿ ಹಿಟ್ಟು ಎಲ್ಲ ಅಂಗಡಿಗಳಲ್ಲೂ ಇದೆ. ಕರಿಬೇವು ಭಾರತದಿಂದ ಬರುತ್ತದೆ. ಸಬ್ಬಸಿಗೆಯನ್ನು ಅರಬ್ಬರೂ ಬಳಸುವುದರಿಂದ ಸೊಪ್ಪಿನ ಕಟ್ಟುಗಳ ನಡುವೆ ಅದು ಸಿಕ್ಕೇ ಸಿಗುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ಇಲ್ಲಿನ ಲಬನ್ ಬಹಳ ಉಪಕಾರಿ. ಅದು ಗಟ್ಟಿ ಮಜ್ಜಿಗೆ. ಅದರ ಹುಳಿ ಅಡುಗೆ ಸೋಡಾದ ಜೊತೆ ಸೇರಿದರೆ ಮೊಟ್ಟೆಯಿಲ್ಲದೆಯೂ ಕೇಕ್ ಹಗುರಾಗಿ ಏಳುತ್ತದೆ. ಸೂರ್‌ಗೆ ಬರುವ ದಾರಿಯಲ್ಲಿರುವ ವಾದಿ ತೀವಿಯ ಕಣಿವೆಯಲ್ಲಿ ಖರ್ಜೂರದ ಜೊತೆ ಬಾಳೆಯನ್ನೂ ಬೆಳೆಯುತ್ತಾರೆ. ಸಲಾಲಾದ ಕಡೆಯಿಂದ ಬಾಳೆಯೂ ತೆಂಗೂ ಬರುತ್ತವೆ. ಬಾಳೆಹಣ್ಣು ಮಿಕ್ಕು ಕಪ್ಪಾದರೆ ಮಂಗಳೂರು ಬನ್ಸ್ ಆಗುತ್ತದೆ. ಚಳಿಗಾಲದ ಶುಕ್ರವಾರಗಳಲ್ಲಿ ಊರಿಗೆ ಊರೇ ವಾದಿಗಳ ಕಡೆಗೋ ಕಡಲ ದಂಡೆಗೋ ಹೊರಡುತ್ತದೆ. ಡಬ್ಬಿಯಲ್ಲಿಟ್ಟ ಬನ್ಸ್, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ಮನೆಯವರೆಲ್ಲರ ಹೊಟ್ಟೆ ತಣ್ಣಗಿರುತ್ತದೆ.

ಖಾಲಾಳ ಹಂಚು

ಈ ಊರಿಗೆ ತನ್ನದೇ ಆದ ರೊಟ್ಟಿಯ ವಿದ್ಯೆಯಿದೆ, ಅದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ನಮ್ಮ ಬೀದಿಯ ಹಿರಿಯ ಹೆಂಗಸನ್ನು ಎಲ್ಲರೂ ಖಾಲಾ ಎಂದೇ ಕರೆಯುತ್ತಾರೆ; ನಾವೂ ಹಾಗೆಯೇ ಕರೆಯುತ್ತೇವೆ. ಚಳಿಗಾಲದ ಬೆಳಗ್ಗೆ ಅಂಗಳದಲ್ಲಿ ಗ್ಯಾಸಿನ ಒಲೆಯ ಮೇಲೆ ಅಗಲದ ಕಬ್ಬಿಣದ ಹಂಚಿಟ್ಟು ಆಕೆ ಖುಬ್ಜ್ ರಖಾಲ್ ಮಾಡುತ್ತಾರೆ. ಗೋಧಿ ಹಿಟ್ಟು, ನೀರು, ಉಪ್ಪು ಅಷ್ಟೇ. ಹಿಟ್ಟು ಮೆತ್ತಗೆ, ಕೈಗೆ ಅಂಟುವಷ್ಟು ಸಡಿಲವಾಗಿರುತ್ತದೆ. ಒಂದು ಮುಷ್ಟಿ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಕಾದ ಹಂಚಿನ ಮೇಲೆ ಉಜ್ಜುತ್ತಾ ಹೋದರೆ ತೆಳುವಾದ ಪದರ ಅಂಟಿಕೊಳ್ಳುತ್ತದೆ, ಉಳಿದ ಹಿಟ್ಟು ಕೈಗೇ ವಾಪಸು ಬರುತ್ತದೆ. ಅರೆ ನಿಮಿಷದಲ್ಲಿ ಅಂಚು ಏಳುತ್ತದೆ. ಸಟ್ಟುಗದಲ್ಲಿ ಎತ್ತಿದರೆ ಕಾಗದದಷ್ಟು ತೆಳ್ಳಗಿನ, ಗರಿಗರಿಯಾದ ರೊಟ್ಟಿ. ಅದರ ಮೇಲೆ ಮೊಟ್ಟೆ ಹರಡುತ್ತಾರೆ, ಇಲ್ಲವೇ ಜೇನು ಸವರಿ ಮಡಚಿ ಕೊಡುತ್ತಾರೆ.

ಶಿರಸಿ-ಸಿದ್ದಾಪುರದ ಕಡೆಯವರು ಇದನ್ನು ನೋಡಿದರೆ ತೊಡದೇವು ನೆನಪಿಸಿಕೊಳ್ಳುತ್ತಾರೆ. ಆಲೆಮನೆಯ ಕಾಲದಲ್ಲಿ ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಕವುಚಿ ಹಾಕಿದ ಮಡಕೆಯ ಮೇಲೆ ಬಟ್ಟೆಯಿಂದ ಸವರಿ ಎಬ್ಬಿಸುವ ತೊಡದೇವೂ ಹೀಗೆಯೇ ತೆಳು, ಹೀಗೆಯೇ ಗರಿ, ಅದೂ ಚಳಿಗಾಲದ್ದೇ. ಒಂದರಲ್ಲಿ ಗೋಧಿ, ಇನ್ನೊಂದರಲ್ಲಿ ಅಕ್ಕಿ. ಒಂದರಲ್ಲಿ ಕೈ, ಇನ್ನೊಂದರಲ್ಲಿ ಬಟ್ಟೆ. ಎರಡರಲ್ಲೂ ಹಂಚಿನ ಕಾವು ಎಷ್ಟಿರಬೇಕೆಂಬುದನ್ನು ಬೆರಳುಗಳೇ ತೀರ್ಮಾನಿಸುತ್ತವೆ. ಕಾವು ಕಡಿಮೆಯಾದರೆ ಹಿಟ್ಟು ಮುದ್ದೆಯಾಗಿ ಕೈಯ ಜೊತೆಗೇ ಬರುತ್ತದೆ, ಹೆಚ್ಚಾದರೆ ಅಂಟುವ ಮೊದಲೇ ಒಡೆಯುತ್ತದೆ. ಖಾಲಾಗೆ ನಮ್ಮ ಮಾತು ಬಾರದು, ನಮ್ಮ ಅರಬ್ಬಿ ಅಂಗಡಿಯ ಲೆಕ್ಕದಾಚೆ ಹೋಗದು. ಆದರೂ ಹಂಚಿನ ಮುಂದೆ ಕೂತರೆ ಪಾಠ ನಡೆಯುತ್ತದೆ. ಆಕೆ ಕೈ ಹಿಡಿದು ಉಜ್ಜಿಸುತ್ತಾರೆ, ರೊಟ್ಟಿ ಸರಿಯಾಗಿ ಎದ್ದರೆ ‘ಜೈನ್, ಜೈನ್’ (ಚೆನ್ನ, ಚೆನ್ನ) ಎನ್ನುತ್ತಾ ತಲೆಯಾಡಿಸುತ್ತಾರೆ.

ಖರ್ಜೂರದ ಪಾಠವೂ ಅಲ್ಲಿಂದಲೇ ಬಂತು. ಊರಿನಲ್ಲಿ ಖರ್ಜೂರವೆಂದರೆ ಒಂದೇ. ಇಲ್ಲಿ ಖಲಾಸ್, ಖುನೇಜಿ, ಫರ್ದ್, ಮಬ್ಸಲಿ ಎಂದು ಬೇರೆ ಬೇರೆ. ಮೆತ್ತಗಿನ ಖಲಾಸ್ ಹಾಗೇ ತಿನ್ನಲು ಚೆನ್ನ. ಬೇಕಿಂಗಿಗೆ ಅಗ್ಗದ, ಒತ್ತಿ ಕಟ್ಟಿದ ಪ್ಯಾಕೆಟ್ಟಿನ ಹಣ್ಣೇ ಸಾಕು. 250 ಗ್ರಾಂ ಬೀಜ ತೆಗೆದ ಹಣ್ಣಿಗೆ 250 ಮಿಲಿಲೀಟರ್ ಕುದಿಯುವ ಹಾಲು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಮುಚ್ಚಿಡಬೇಕು. ಸೋಡಾ ಹಣ್ಣಿನ ಸಿಪ್ಪೆಯನ್ನು ಕರಗಿಸುತ್ತದೆ, ಬೆಂದಾಗ ಕಂದು ಬಣ್ಣವನ್ನೂ ಗಾಢ ಮಾಡುತ್ತದೆ. ಆರಿದ ಮೇಲೆ ರುಬ್ಬಿ, ಅರ್ಧ ಲೋಟ ಎಣ್ಣೆ, 180 ಗ್ರಾಂ ಮೈದಾ, ಏಲಕ್ಕಿ ಪುಡಿ ಬೆರೆಸಿ 175 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿದರೆ ಮೊಟ್ಟೆಯೂ ಸಕ್ಕರೆಯೂ ಬೇಡದ ಕೇಕ್. ಇನ್ನೂ ಒಳ್ಳೆಯದು ದಿಲ್‌ಪಸಂದ್. ಊರಿನ ಬೇಕರಿಯಲ್ಲಿ ಅದರ ಹೂರಣಕ್ಕೆ ತೆಂಗಿನ ತುರಿ, ಸಕ್ಕರೆ, ಪಪಾಯಿ ಕಾಯಿಯ ಟೂಟಿಫ್ರೂಟಿ ಹಾಕುತ್ತಾರೆ. ಇಲ್ಲಿ ಸಕ್ಕರೆ, ಟೂಟಿಫ್ರೂಟಿಯ ಜಾಗಕ್ಕೆ ಖರ್ಜೂರ ಬಂದಿದೆ. ಹುರಿದ ಎಳ್ಳು, ತೆಂಗು, ಖರ್ಜೂರ, ಏಲಕ್ಕಿ ಸೇರಿದ ಹೂರಣವನ್ನು ಎರಡು ಹಾಳೆ ಹಿಟ್ಟಿನ ನಡುವೆ ಮುಚ್ಚಿ ಬೇಯಿಸಿ ಕತ್ತರಿಸಿದರೆ ಅದು ಸೂರ್‌ನಲ್ಲಿ ಹುಟ್ಟಿದ ದಿಲ್‌ಪಸಂದ್. ಖಾಲಾಳ ಮನೆಯವರು ಅದನ್ನು ತಮ್ಮದೇ ತಿಂಡಿಯೆಂಬಷ್ಟು ಸಲಿಗೆಯಿಂದ ತಿನ್ನುತ್ತಾರೆ.

ಹಡಗುಗಳು ಮೊದಲೇ ಬೆಸೆದಿದ್ದವು

ಆ ಸಲಿಗೆಗೆ ಹಳೆಯ ಬೇರುಗಳಿವೆ. ಸೂರ್ ಹಡಗು ಕಟ್ಟುವವರ ಊರು. ಲಗೂನಿನ ಪಕ್ಕದ ಅಂಗಳದಲ್ಲಿ ಇಂದಿಗೂ ಮರದ ದೋ ಹಡಗುಗಳನ್ನು ಕಟ್ಟುತ್ತಾರೆ. 1951ರಲ್ಲಿ ಇಲ್ಲೇ ಕಟ್ಟಿದ ‘ಫತಹ್ ಅಲ್ ಖೈರ್’ ಎಂಬ ಘಂಜಾ ಹಡಗು ಯೆಮನ್‌ನವರ ಕೈಸೇರಿತ್ತು. ಊರಿನವರು ಹಣ ಕೂಡಿಸಿ 1993ರಲ್ಲಿ ಅದನ್ನು ಮರಳಿ ತಂದರು. ಈಗ ದಂಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದಾರೆ. ಈ ಹಡಗುಗಳಿಗೆ ತೇಗ ಬರುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಹಳೆಯ ಕ್ರಮದಲ್ಲಿ, ಮೊಳೆ ಹೊಡೆಯದೆ ತೆಂಗಿನ ನಾರಿನಿಂದ ಹೊಲಿದ ‘ಸೊಹಾರ್’ ಹಡಗನ್ನು ಸೂರ್‌ನಲ್ಲೇ ಕಟ್ಟಿಸಿದರು. ಅದಕ್ಕೆ ಬಳಸಿದ ಮರ ನಮ್ಮ ಘಟ್ಟಗಳಲ್ಲೂ ಬೆಳೆಯುವ ಹೆಬ್ಬಲಸು. ಹಡಗು ಆ ವರ್ಷದ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟು 1981ರ ಜುಲೈನಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು.

ಅಡುಗೆಮನೆಯ ನಂಟೂ ಅದೇ ಹಡಗುಗಳಲ್ಲಿ ಬಂದದ್ದು. ಸೂರ್‌ನ ಪಕ್ಕದ ಕಲ್ಹಾತ್ ಒಂದು ಕಾಲದ ದೊಡ್ಡ ಬಂದರು. ಈಗ ಬೀಬಿ ಮರಿಯಂ ಸಮಾಧಿಯೊಂದು ಉಳಿದು, ಸುತ್ತ ಕಲ್ಲುಗಳು ಹರಡಿವೆ. 2018ರಲ್ಲಿ ಯುನೆಸ್ಕೊ ಕಲ್ಹಾತ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 14ನೇ ಶತಮಾನದಲ್ಲಿ ಅಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ ಅಲ್ಲಿನ ಮೀನೂಟವನ್ನು ಹೊಗಳಿದ್ದಾನೆ. ಆ ಊಟದ ಅನ್ನದ ಅಕ್ಕಿ ಭಾರತದಿಂದ ಬರುತ್ತದೆಂದೂ ಬರೆದಿದ್ದಾನೆ. ಅದೇ ಯಾತ್ರಿಕ ಮುಂದೆ ನಮ್ಮ ಹೊನ್ನಾವರಕ್ಕೂ ಬಂದು ಇದ್ದವನು. ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಬಹಳ ಕಾಲ ಹೋಗುತ್ತಿತ್ತು. ಟಿಪ್ಪು ಸುಲ್ತಾನನಿಗೆ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯೇ ಇತ್ತು. ಅಲ್ಲಿನ ದರೋಗನಿಗೆ ಬರೆಸಿದ ಪತ್ರಗಳಲ್ಲಿ ಅವನು ರೇಷ್ಮೆ ಹುಳು, ಕೇಸರಿಯ ಬೀಜ, ದೋ ಕಟ್ಟಬಲ್ಲ ಬಡಗಿಗಳನ್ನು ಕಳಿಸಲು ಹೇಳಿದ್ದ.

ಒಮನ್‌ನಿಂದ ನಮ್ಮ ಕಡೆಗೆ ಬರುತ್ತಿದ್ದುದು ಖರ್ಜೂರ. ಮಬ್ಸಲಿ ಜಾತಿಯ ಕಾಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ದೊಡ್ಡ ಹಂಡೆಗಳಲ್ಲಿ ಕುದಿಸಿ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಗಟ್ಟಿಯಾದ ಆ ಒಣ ಹಣ್ಣಿಗೆ ಭಾರತ ಹಳೆಯ ಮಾರುಕಟ್ಟೆ. ಬಾಣಂತಿಯ ಅಂಟಿನುಂಡೆಗೆ ಹಾಕುವ ಉತ್ತುತ್ತಿ ಇಂಥದ್ದೇ. ಈ ಕರಾವಳಿಯ ಹೆಸರನ್ನೂ ಕೇಳಿರದ ಎಷ್ಟೋ ಕನ್ನಡದ ತಾಯಂದಿರು ಹೆರಿಗೆಯ ಮೇಲೆ ಮೈಗೆ ಬಲ ತಂದುಕೊಂಡದ್ದು ಇಂಥ ಬಿಸಿಲಿನಲ್ಲಿ ಒಣಗಿದ ಹಣ್ಣಿನಿಂದ. ಮೀನು ಮಾರುಕಟ್ಟೆಗೆ ಹೋದರೂ ಅಷ್ಟೇ. ಇಲ್ಲಿನ ಕನಅದ್ ನಮ್ಮ ಅಂಜಲ್. ಇಲ್ಲಿ ರಾಶಿ ಬೀಳುವ ಸಣ್ಣ ಮೀನು ನಮ್ಮ ಬೂತಾಯಿ. ಹೊಸಬರ ಅಂಜಿಕೆ ಕಳೆಯಲು ಇಷ್ಟು ಪರಿಚಯ ಸಾಕು.

ಎರಡು ಚಳಿಗಾಲ, ಒಂದು ಏಲಕ್ಕಿ

ಸೂರ್‌ನ ಮನೆಗೆ ಹೋದರೆ ಮೊದಲು ಬರುವುದು ಖರ್ಜೂರ, ಅದರ ಹಿಂದೆಯೇ ಕಹವಾ. ಎಳಸಾಗಿ ಹುರಿದ ಕಾಫಿ ಬೀಜದ ಪುಡಿಗೆ ಧಾರಾಳ ಏಲಕ್ಕಿ ಕುಟ್ಟಿ ಹಾಕಿ ಕುದಿಸಿ, ದಲ್ಲಾ ಎಂಬ ಕೊಕ್ಕಿನ ಪಾತ್ರೆಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ಸಾಕೆಂದರೆ ಬಟ್ಟಲನ್ನು ಮೆಲ್ಲನೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಅರಬ್ ಕಾಫಿಯ ಈ ಸಂಪ್ರದಾಯವನ್ನು ಒಮನ್ ಮತ್ತು ನೆರೆಯ ನಾಡುಗಳ ಹೆಸರಿನಲ್ಲಿ 2015ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದೆ. ಹಬ್ಬ-ಮದುವೆಗಳಿಗೆ ಹಲ್ವ ಬೇಕೇ ಬೇಕು. ಪಿಷ್ಟ, ಸಕ್ಕರೆ, ತುಪ್ಪಗಳನ್ನು ದೊಡ್ಡ ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕೈಬಿಡದೆ ತಿರುವಿ, ಕೇಸರಿ, ಏಲಕ್ಕಿ, ಗುಲಾಬಿ ನೀರು ಹಾಕಿ ಇಳಿಸುತ್ತಾರೆ.

ಕೇಸರಿ, ಏಲಕ್ಕಿಯ ಇದೇ ಎರಡು ಪರಿಮಳಗಳು ಸ್ಕ್ಯಾಂಡಿನೇವಿಯಾದ ಚಳಿಗಾಲದಲ್ಲೂ ಇವೆ. ಸ್ವೀಡನ್ನಿನಲ್ಲಿ ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ ಕೇಸರಿ ಬೆರೆಸಿದ ಹಳದಿ ಬನ್ನುಗಳನ್ನು ಸುರುಳಿ ಸುತ್ತಿ, ಮೇಲೆ ಒಣದ್ರಾಕ್ಷಿ ಒತ್ತಿ ಬೇಯಿಸುತ್ತಾರೆ. ಕಾಫಿಯ ಜೊತೆಗಿನ ಅವರ ನಿತ್ಯದ ಸಿಹಿ ಬನ್ನಿಗೆ ಜಜ್ಜಿದ ಏಲಕ್ಕಿ ಬೇಕು. ಸಾವಿರಾರು ಮೈಲಿ ದೂರದ ಎರಡು ಬೇರೆ ಬೇರೆ ಹವೆಗಳ ಜನ ತಮ್ಮ ಚಳಿಗಾಲಕ್ಕೆ ಆರಿಸಿಕೊಂಡಿರುವ ಏಲಕ್ಕಿ ಮೂಲತಃ ನಮ್ಮ ಪಶ್ಚಿಮ ಘಟ್ಟದ ನೆರಳಿನ ಗಿಡ. ಕೊಡಗು, ಸಕಲೇಶಪುರ, ಮೂಡಿಗೆರೆಗಳಲ್ಲಿ ಅದನ್ನು ಬೆಳೆದಿದ್ದೇವೆ, ಹಾವೇರಿಯಲ್ಲಿ ಹಾರ ಮಾಡಿದ್ದೇವೆ. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ, ಮೂಡಿಗೆರೆಯಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರಗಳಿವೆ. 20ನೇ ಶತಮಾನದ ಆರಂಭದಲ್ಲಿ ಗ್ವಾಟೆಮಾಲಾಕ್ಕೆ ಹೋದ ಈ ಬೆಳೆ ಅಲ್ಲಿ ಹಬ್ಬಿ, ಇಂದು ಅರಬ್ ನಾಡುಗಳಿಗೆ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಊರಿಗೆ ಹೋಗಿ ಬರುವ ಕನ್ನಡದವರು ಚೀಲದಲ್ಲಿ ಘಟ್ಟದ ಏಲಕ್ಕಿ ತಂದು ಖಾಲಾಳಂಥವರಿಗೆ ಕೊಟ್ಟರೆ ಅವರು ಒಂದು ಬೀಜ ಬಿಡಿಸಿ ಮೂಸಿ ನೋಡುತ್ತಾರೆ. ಆಮೇಲೆ ಆ ಮನೆಯ ಕಹವಾದಲ್ಲಿ ನಮ್ಮ ಕಾಡಿನ ವಾಸನೆಯಿರುತ್ತದೆ. ಕಾಫಿ ಅರಬ್ ನಾಡಿನಿಂದ ಬಾಬಾ ಬುಡನ್ ಅವರ ಕೈಯಲ್ಲಿ ಚಿಕ್ಕಮಗಳೂರಿಗೆ ಬಂತೆಂದು ನಾವು ನಂಬಿದ್ದೇವೆ. ಹಾಗೆಂದಮೇಲೆ ಈ ಬಟ್ಟಲಿಗೆ ಏಲಕ್ಕಿ ಕೊಡುವುದು ನಮ್ಮ ಪಾಲಿನ ಕರ್ತವ್ಯವೇ.

ತಟ್ಟೆ ಬರಿದಾಗಿ ಮರಳುವುದಿಲ್ಲ

ಚಳಿಗಾಲ ಹಬ್ಬಗಳ ಸಾಲು. ಡಿಸೆಂಬರ್ ಹುಟ್ಟಿದರೆ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿಗಳ ತಯಾರಿ. ಕಿಡ್ಯೊ, ಗುಳಿಯೊ, ನೆವ್ರ್ಯೊ, ಕೊಕ್ಕಿಸಗಳ ಜೊತೆಗೆ ಪ್ಲಮ್ ಕೇಕ್. ಒಣಹಣ್ಣುಗಳನ್ನು ಕಿತ್ತಳೆ ರಸದಲ್ಲಿ, ದ್ರಾಕ್ಷಿ ರಸದಲ್ಲಿ ನೆನೆಹಾಕುವಾಗ ಇಲ್ಲಿನ ಖರ್ಜೂರ, ಅಂಜೂರವೂ ಸೇರುತ್ತವೆ. ಪೂಜೆಗೆ ಮಸ್ಕತ್‌ನ ರೂವಿ ಅಥವಾ ಘಾಲಾದ ಚರ್ಚಿಗೆ ಹೋಗಿಬರುವವರು ಮನೆಗೆ ಮರಳಿ ಮೊದಲು ಮಾಡುವ ಕೆಲಸ ತಟ್ಟೆ ಹಂಚುವುದು. ಜನವರಿಯ ಸಂಕ್ರಾಂತಿಗೆ ಇನ್ನೊಂದು ಸುತ್ತು. ಹೊಸ ಬಟ್ಟೆ ತೊಟ್ಟ ಮಕ್ಕಳು ಎಳ್ಳು-ಬೆಲ್ಲದ ಜೊತೆಗೆ ಎಳ್ಳು ಒತ್ತಿದ ಬನ್ನುಗಳನ್ನೂ ಹಿಡಿದು ಮನೆಮನೆಗೆ ಹೋಗುತ್ತಾರೆ. ಎಳ್ಳು ಬೀರುವ ಪದ್ಧತಿಯನ್ನು ಅರಬ್ ಮನೆಗಳಿಗೆ ವಿವರಿಸಬೇಕಾಗಿಯೇ ಬಂದಿಲ್ಲ. ಸಿಹಿ ಹಿಡಿದು ಬಂದ ಮಗುವಿಗೆ ಏನು ಮಾಡಬೇಕೆಂಬುದು ಅವರಿಗೆ ಗೊತ್ತು. ‘ತಫದ್ದಲಿ’ ಎಂದು ಒಳಗೆ ಕರೆಯುತ್ತಾರೆ, ಮರಳುವಾಗ ಅದೇ ತಟ್ಟೆಯಲ್ಲಿ ಖರ್ಜೂರವೋ ಹಲ್ವವೋ ತುಂಬಿ ಕಳಿಸುತ್ತಾರೆ. ನಮ್ಮ ಅಮ್ಮಂದಿರೂ ನೆರೆಯವರ ಪಾತ್ರೆಯನ್ನು ಬರಿದಾಗಿ ಮರಳಿಸಿದವರಲ್ಲ. ಏನೂ ಇಲ್ಲದಿದ್ದರೆ ಒಂದಿಷ್ಟು ಸಕ್ಕರೆ ಹಾಕಿ ಕೊಟ್ಟವರು.

ರಂಜಾನ್ ತಿಂಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಈಗ ಅದು ಚಳಿಗಾಲಕ್ಕೆ ಬಂದು ತಲುಪಿದೆ. 2026ರಲ್ಲಿ ಅದರ ಆರಂಭ ಫೆಬ್ರವರಿಯಲ್ಲೇ. ಇನ್ನು ಕೆಲವು ವರ್ಷ ಇಫ್ತಾರ್‌ನ ಹೊತ್ತಿಗೆ ಸೂರ್‌ನ ಬೀದಿಗಳಲ್ಲಿ ಮಕ್ಕಳು ತಟ್ಟೆ ಹೊತ್ತೊಯ್ಯುವ ಕಾಲವೂ ನಮ್ಮ ಓವನ್ನುಗಳ ಕಾಲವೂ ಒಂದೇ ಆಗಲಿವೆ. ಇದು ಸುಯೋಗ. ಹೊಸದಾಗಿ ಬಂದ ಮನೆ ಮೊದಮೊದಲು ಎಲ್ಲರಿಂದ ಪಡೆಯುತ್ತಲೇ ಇರುತ್ತದೆ: ದಾರಿ ಕೇಳುವುದು, ಗ್ಯಾಸ್ ಸಿಲಿಂಡರಿನವನ ನಂಬರ್ ಕೇಳುವುದು, ಮಗುವಿಗೆ ಜ್ವರ ಬಂದರೆ ಯಾವ ಆಸ್ಪತ್ರೆ ಎಂದು ಕೇಳುವುದು. ಪಡೆಯುವುದು ತಪ್ಪಲ್ಲ. ಆದರೆ ಪಡೆಯುತ್ತಲೇ ಇರುವವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಕೊಡಲು ಶುರುಮಾಡಿದ ದಿನ ಅವರು ನೆರೆಯವರಾಗುತ್ತಾರೆ. ಹಿಟ್ಟು ಒಂದೇ ಸಲಕ್ಕೆ ಹನ್ನೆರಡು ಬನ್ನಾಗುತ್ತದೆ, ಮನೆಯಲ್ಲಿರುವವರು ನಾಲ್ಕು ಜನ. ಉಳಿದವು ಎಲ್ಲಿಗೆ ಹೋಗಬೇಕೆಂಬುದನ್ನು ಬೇರೆಯಾಗಿ ಯೋಚಿಸಬೇಕಾಗಿಲ್ಲ. ಬೇಕಿಂಗ್ ಹೊಸಬರಿಗೆ ಒದಗಿಬರುವುದು ಈ ಕಾರಣಕ್ಕೇ.

ಆದ್ದರಿಂದ ಸೂರ್‌ಗೆ ಬರುವ ಕನ್ನಡದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ಬೇಸಿಗೆಯಲ್ಲಿ ಬಂದಿಳಿದರೆ ಊರು ಬಾಗಿಲು ಮುಚ್ಚಿಕೊಂಡಿದೆಯೆಂದು ಕಂಗಾಲಾಗಬೇಡಿ. ನವೆಂಬರ್‌ವರೆಗೆ ತಡೆಯಿರಿ. ಓವನ್ನಿನೊಳಗಿನ ಬಾಣಲೆಗಳನ್ನು ಹೊರತೆಗೆಯಿರಿ, ಇಲ್ಲಿಯ ಹಿಟ್ಟು, ಇಲ್ಲಿಯ ಲಬನ್, ಇಲ್ಲಿಯ ಖರ್ಜೂರದಿಂದಲೇ ಶುರುಮಾಡಿ. ಮೊದಲ ತಟ್ಟೆಯನ್ನು ನೀವೇ ಕಳಿಸಿ. ಪಕ್ಕದ ಮನೆಯ ಅಂಗಳದಲ್ಲಿ ಹಂಚು ಕಾದಿದ್ದರೆ ಹೋಗಿ ಪಕ್ಕದಲ್ಲಿ ಕೂರಿ. ಕಲಿತದ್ದನ್ನು ಕನ್ನಡದಲ್ಲಿ, ಅಳತೆ ಸಮೇತ ಬರೆದಿಡಿ: ಖಾರಾ ಬನ್ನಿನ ಪುಟದ ಎದುರಿನ ಪುಟದಲ್ಲೇ ಖುಬ್ಜ್ ರಖಾಲ್, ಕುಸ್ವಾರ್‌ನ ಜೊತೆಗೇ ಖರ್ಜೂರದ ದಿಲ್‌ಪಸಂದ್. ಹೊರನಾಡಿನ ಕನ್ನಡಿಗರ ನಾಟಕ, ಸನ್ಮಾನ, ಸಮ್ಮೇಳನಗಳು ವರದಿಯಾಗುತ್ತವೆ, ಅಡುಗೆಮನೆಗಳಲ್ಲಿ ಹುಟ್ಟುವ ಈ ತಿಂಡಿಗಳು ದಾಖಲಾಗುವುದಿಲ್ಲ. ಕೆಲಸದ ಕರಾರು ಮುಗಿದು ಮನೆಗಳು ಊರು ಬಿಟ್ಟಾಗ ಅವೂ ಮರೆತುಹೋಗುತ್ತವೆ. ಅಂಥ ಒಂದು ನೋಟ್‌ಬುಕ್ಕನ್ನು ಹೊರಡುವ ಮನೆ ಬರುವ ಮನೆಗೆ ಒಪ್ಪಿಸುತ್ತಾ ಹೋದರೆ, ಸೂರ್‌ನಲ್ಲಿ ಯಾವ ಕನ್ನಡದ ಮನೆಯೂ ತನ್ನ ಮೊದಲ ಚಳಿಗಾಲವನ್ನು ಮೊದಲಿಂದ ಶುರುಮಾಡಬೇಕಾಗುವುದಿಲ್ಲ.